ಅಮೇರಿಕಕ್ಕೆ ಅರಿಶಿನ

ಹೋದ ವಾರ ಮಗ ಹೊಸ ಕಾರು ತಂದ. ಆರತಿ ಎತ್ತೋಣವೆಂದು ತಟ್ಟೆಯ ನೀರಿಗೆ ಅರಿಶಿನ ಕದಡಿ, ಚಿಟಿಕೆ ಸುಣ್ಣ ಹಾಕಿದೆ. ನೀರು ಕೆಂಪಾಯಿತು. ಅಷ್ಟು ಸಾಕಾಯಿತು ನೋಡಿ, ಅಡುಗೆಮನೆಯಲ್ಲಿ ನಿಂತಲ್ಲೇ ಮಂಡಿ ಮಾವ ನೆನಪಾದರು. ನಗುವೂ ಬಂತು, ಕಣ್ಣೂ ತುಂಬಿತು.

ಮಾವ ಎಂದರೆ ಸ್ವಂತ ಮಾವನಲ್ಲ. ಹೊಳೆನರಸೀಪುರದಲ್ಲಿ ನಮ್ಮ ಪಕ್ಕದ ಮನೆಯವರು, ತೆಂಗಿನಕಾಯಿ ಮಂಡಿ ಇಟ್ಟಿದ್ದರು. ಅರವತ್ತರ ದಶಕದ ಮೊದಲಲ್ಲಿ ಯಾರೋ ಕಾಫಿ ತೋಟದವರಿಂದ ಅಮೆರಿಕದ ಹಳೆಯ ಕಾರೊಂದನ್ನು ಕೊಂಡು ತಂದರು. ತಂದರು ಎನ್ನುವುದು ಮರ್ಯಾದೆಗೆ ಆಡುವ ಮಾತು; ಸೇತುವೆಯಿಂದ ಮನೆಯವರೆಗೆ ಅದನ್ನು ಎಳೆದು ತಂದದ್ದು ಎತ್ತುಗಳು. ಬೀದಿಯಲ್ಲಿ ಅದರ ಹೆಸರು ಅಮೇರಿಕ ಎಂದೇ ಆಯಿತು. ಅಮೇರಿಕ ಇವತ್ತು ಎದ್ದಿಲ್ಲ ಎಂದರೆ ಎಲ್ಲರಿಗೂ ಅರ್ಥವಾಗುತ್ತಿತ್ತು.

ಮೆಕ್ಯಾನಿಕ್ಕುಗಳನ್ನು ಮಾವ ಅಂಗಳದೊಳಕ್ಕೇ ಬಿಡುತ್ತಿರಲಿಲ್ಲ. ಮಂಡಿಗೆ ರಜೆ ಬಂತೆಂದರೆ ಪಂಚೆ ಎತ್ತಿ ಕಟ್ಟಿ ಬಾನೆಟ್ಟಿನೊಳಗೆ ತಲೆ ತೂರಿಸಿಬಿಡುವರು. ಬಿಚ್ಚಿದ್ದನ್ನೆಲ್ಲ ಸೀಮೆಎಣ್ಣೆಯಲ್ಲಿ ತೊಳೆದು, ಅತ್ತೆ ಹಪ್ಪಳ ಒಣಗಿಸುವ ಚಾಪೆಯ ಮೇಲೆ ಹರಡುವರು. ರಬ್ಬರ್ ಪೈಪು ಸೀಳಿದರೆ ಸೈಕಲ್ ಟ್ಯೂಬು ಸುತ್ತಿ ತೆಂಗಿನ ಹುರಿ ಬಿಗಿಯುವರು. ಎಲ್ಲ ಜೋಡಿಸಿದ ಮೇಲೂ ಚಾಪೆಯ ಮೇಲೆ ಒಂದಷ್ಟು ನಟ್ಟು ಬೋಲ್ಟು ಉಳಿದೇ ಇರುತ್ತಿದ್ದವು. ಇವು ಎಲ್ಲಿಯವು ಎಂದು ಅತ್ತೆ ಕೇಳಿದರೆ ಮಾವನ ಉತ್ತರ ಸಿದ್ಧ.

"ಅಮೇರಿಕದೋರು ಎಚ್ಚಾಗೇ ಆಕಿರ್ತಾರೆ, ಸುಮ್ಕಿರು."

ಹಾಸನದಲ್ಲಿ ನನಗೆ ಟೀಚರ್ ಕೆಲಸದ ಸಂದರ್ಶನ ಬಂದದ್ದು ಆಗಲೇ. ಅರಕಲಗೂಡಿನ ಕಡೆಯಿಂದ ಒಂದು ಗಂಡು ಬಂದು ನೋಡಿ ಹೋಗಿದ್ದ. ಈ ಕೆಲಸ ಸಿಗದಿದ್ದರೆ ಆ ಮದುವೆಗೆ ಒಪ್ಪಿಕೋ ಎಂದು ಅಪ್ಪ ಕಡ್ಡಿ ಮುರಿದ ಹಾಗೆ ಹೇಳಿದ್ದರು. ನನಗೋ ಪಾಠ ಹೇಳುವ ಹುಚ್ಚು. ಆ ಬೆಳಿಗ್ಗೆ ಬಸ್ಸೇ ಬರಲಿಲ್ಲ... ಬಾಗಿಲಲ್ಲಿ ಅಳುತ್ತ ನಿಂತಿದ್ದವಳನ್ನು ಮಾವ ಕಂಡರು. ಹಿಂದಿನ ದಿನವಷ್ಟೇ ಬಟ್ಟೆ ಒಗೆಯುವ ಸೋಡಾ ಹಾಕಿ ರೇಡಿಯೇಟರಿನ ಕಿಟ್ಟ ತೊಳೆದಿದ್ದ ಉಮೇದು ಬೇರೆ.

"ಅಳಬ್ಯಾಡ ಮಗ, ಅಮೇರಿಕ ಐತಲ್ಲ. ಬಾ, ಕುಂತ್ಕೊ," ಎಂದರು.

ದೇವರ ಹೆಸರು ಹೇಳಿಕೊಳ್ಳುತ್ತ ಅತ್ತೆಯೂ ಹತ್ತಿದರು. ಅರ್ಧ ದಾರಿ ಚೆನ್ನಾಗಿಯೇ ಹೋಯಿತು. ಆಮೇಲೆ ಬಾನೆಟ್ಟಿನಿಂದ ಬುಸ್ಸೆಂದು ಆವಿ ಎದ್ದಿತು. ಸೋಡಾ ಕಿಟ್ಟವನ್ನು ತೊಳೆದದ್ದಲ್ಲದೆ, ಕಿಟ್ಟ ಮುಚ್ಚಿಕೊಂಡಿದ್ದ ತೂತನ್ನೂ ತೆರೆದಿತ್ತು. ಮಾವ ರಸ್ತೆ ಬದಿಯ ಮನೆಗೆ ಹೋಗಿ ಅರಿಶಿನ ಕೇಳಿದರು. ನೀರಿನ ಜೊತೆ ಹಾಕಿದರೆ ಪುಡಿ ಹೋಗಿ ತೂತಿನಲ್ಲಿ ಕೂರುತ್ತದೆಂದು ಲಾರಿಯವರು ಹೇಳಿದ್ದರಂತೆ. ಮನೆಯಾಕೆ ಅರಿಶಿನದ ಡಬ್ಬಿಯನ್ನೂ ಒಂದು ಕೊಡ ನೀರನ್ನೂ ತಂದಳು. ಎಂಜಿನ್ ತಣಿದ ಮೇಲೆ ನಾನೇ ಕೈಯಲ್ಲಿ ಕದಡಿ ಹೊಯ್ದೆ. ಕಾರು ಶುರುವಾಯಿತು. ಕೆಳಗೆ ತೊಟ್ಟಿಕ್ಕಿದ ನೀರು ಮಾತ್ರ ಹಳದಿಯಾಗಿರಲಿಲ್ಲ, ರಕ್ತದ ಹಾಗೆ ಕೆಂಪಗಿತ್ತು. ಇಂಥ ದಿನ ಇಂಥ ಶಕುನವೇ ಎಂದು ಹಿಂದೆ ಸರಿದೆ. ಮನೆಯಾಕೆ ಬಗ್ಗಿ ನೋಡಿ, ಒಳಗೆ ಸುಣ್ಣವೇನಾದರೂ ಇತ್ತೇ ಎಂದು ಕೇಳಿದಳು. ಸೋಡಾ ಎಂದರು ಮಾವ ಮೆಲ್ಲಗೆ. ಆಕೆ ನಕ್ಕುಬಿಟ್ಟಳು.

"ಅಂಗಾರೆ ಇದು ಆರತಿ ನೀರು ಕಣವ್ವ. ಕಾರೇ ನಿಂಗೆ ಆರತಿ ಎತ್ತೈತೆ. ಓಗು, ಕೆಲ್ಸ ಆಯ್ತದೆ."

ಹಾಸನ ತಲುಪಿದಾಗ ನನ್ನ ಹೆಸರು ಕರೆಯುತ್ತಿದ್ದರು. ಅರಿಶಿನದ ಕೈ ತೊಳೆಯಲೂ ಪುರುಸೊತ್ತಿಲ್ಲದೆ ಒಳಗೆ ಹೋದೆ. ಸಂದರ್ಶನಕ್ಕೆ ಕೂತಿದ್ದವರು ಮದುವೆ ಮನೆಯಿಂದ ಎದ್ದು ಬಂದೆಯಾ ಎಂದು ಕೇಳಿದರು. ನಡೆದದ್ದನ್ನು ಹಾಗೇ ಹೇಳಿದೆ. ಅರಿಶಿನ ಸೋಡಾಕ್ಕೆ ಕೆಂಪಾಗುವುದನ್ನೂ, ನಿಂಬೆಹುಳಿ ಹಿಂಡಿದರೆ ಮತ್ತೆ ಹಳದಿಗೆ ತಿರುಗುವುದನ್ನೂ ಮಕ್ಕಳಿಗೆ ಹೇಳುವಂತೆ ಬಿಡಿಸಿ ಹೇಳಿದೆ. ಇನ್ನೇನೂ ಕೇಳಲಿಲ್ಲ. ಹೊರಗೆ ಬಂದರೆ ಮಾವ ಒಗೆದ ಪಂಚೆಯಲ್ಲೇ ಕಾರಿನ ಕೆಳಗೆ ಮಲಗಿದ್ದರು. ಸಂದರ್ಶನ ಏನಾಯಿತೆಂದು ಕೇಳುವುದನ್ನೂ ಮರೆತಿದ್ದರು.

"ನಿಂತೋಯ್ತು ನೋಡು ಮಗ, ಒಂದ್ ತೊಟ್ಟೂ ಇಲ್ಲ."

ಕೆಲಸ ಸಿಕ್ಕಿತು. ಆ ಗಂಡಿನವರಿಗೆ ಅಪ್ಪನೇ ಬೇಡವೆಂದು ಹೇಳಿ ಕಳಿಸಿದರು. ಮದುವೆಯನ್ನು ನನಗೆ ಬೇಕೆನಿಸಿದಾಗ ಮಾಡಿಕೊಂಡೆ. ನಾನು ಚನ್ನರಾಯಪಟ್ಟಣದ ಶಾಲೆಯಲ್ಲಿದ್ದಾಗ ಮಾವ ಹೋದರು. ಸುದ್ದಿ ನನಗೆ ತಲುಪುವಷ್ಟರಲ್ಲಿ ಎಲ್ಲ ಮುಗಿದಿತ್ತು. ಅಮೇರಿಕವನ್ನು ಗುಜರಿಯವರು ಒಯ್ದಿದ್ದರು. ನಿವೃತ್ತಳಾಗಿ ಅಪ್ಪನ ಮನೆಗೇ ಬಂದು ನೆಲೆಸಿದೆ, ಆದರೆ ಪಕ್ಕದ ಅಂಗಳದಿಂದ ಆ ಸೀಮೆಎಣ್ಣೆ ವಾಸನೆ ಬರುವುದಿಲ್ಲ... ಮಾವ ಇರಬೇಕಿತ್ತು ಎಂದು ಈಗಲೂ ಅನಿಸುತ್ತದೆ.

ಮಗನ ಕಾರಿಗೆ ಆರತಿ ಎತ್ತಿದೆ. ನೀರನ್ನು ಅದರ ಚಕ್ರದ ಮುಂದೆ ಚೆಲ್ಲಬೇಕು. ನಾನು ತಟ್ಟೆ ಹಿಡಿದು ಪಕ್ಕಕ್ಕೆ ನಡೆದು, ಅಮೇರಿಕ ನಿಲ್ಲುತ್ತಿದ್ದ ಜಾಗದಲ್ಲಿ, ಈಗಿನ ಮೊಬೈಲ್ ಅಂಗಡಿಯ ಮೆಟ್ಟಿಲ ಕೆಳಗೆ ಚೆಲ್ಲಿದೆ.

"ಅಮ್ಮ, ಕಾರು ಇಲ್ಲೈತೆ," ಅಂದ ಮಗ.

"ಗೊತ್ತು ಕಣೋ," ಅಂದೆ.