ಭತ್ತಕ್ಕೆ ಬಿದ್ದ ಬೈಗುಳ

ಭರಮಮ್ಮನ ಬಾಯಿಗೆ ಹೆದರದವರು ಆ ಊರಲ್ಲಿ ಯಾರೂ ಇಲ್ಲ, ಅವಳ ಗದ್ದೆಯ ಭತ್ತವೂ ಸೇರಿ. ಹಗರಿಬೊಮ್ಮನಹಳ್ಳಿಯಿಂದ ಕೋಗಳಿ ಕಡೆ ಹೋಗುವಾಗ ಸಿಗುವ ಒಂದು ಕೆರೆಯ ಕೆಳಗೆ ಅವಳ ಗದ್ದೆ. ಹುಟ್ಟಿದ್ದು ಗುಡೇಕೋಟೆಯ ಕುರಿ ಸಾಕುವ ಮನೆಯಲ್ಲಿ. ಬೈಯದೆ ಕುರಿ ಮೇಯಿಸುವುದು ಆಗದ ಮಾತು ಎಂದು ಅಪ್ಪನಿಂದ ಕಲಿತು ಬಂದವಳು, ಭತ್ತವನ್ನೂ ಹಾಗೆಯೇ ಬೆಳೆಸಿದಳು. ನಾಟಿ ಮಾಡಿದ ಪೈರು ಬೇರೂರಿದ ಮೇಲೆ, ಇಬ್ಬನಿ ಆರುವುದನ್ನು ಕಾದು, ಕೈಯಲ್ಲೊಂದು ಲಕ್ಕಿ ಗಿಡದ ಟೊಂಗೆ ಹಿಡಿದು ಗದ್ದೆಗಿಳಿಯುವಳು. ಪೈರಿನ ತಲೆ ಸವರುತ್ತ, ಬಾಗಿಸುತ್ತ ಸಾಲಿನಿಂದ ಸಾಲಿಗೆ ನಡೆಯುವಳು. ಬಾಯಿ ಅದರ ಪಾಡಿಗೆ ಅದು ಓಡುತ್ತಿತ್ತು.

“ಏಳ್ರಲೇ ಸೋಮಾರಿಗಳಾ! ಕೆರಿ ನೀರು ಕುಡುದು ಕುಡುದು ಬಾತ್ಕಂಡೀರಿ. ಯೂರಿಯಾ ಬೇಕಂತ, ಯೂರಿಯಾ! ನಿಮ್ಮ ಬಾಯಾಗ ಮಣ್ಣು ಹಾಕ!”

ಇದು ಬರೀ ಪೀಠಿಕೆ. ಮುಂದಿನದನ್ನು ಅಚ್ಚು ಹಾಕಲು ಬರುವುದಿಲ್ಲ, ಮಕ್ಕಳೂ ಓದುತ್ತಾರೆ.

ಸುತ್ತಲಿನ ಗದ್ದೆಗಳಿಗೆ ಬೆಂಕಿ ರೋಗ ಬಿದ್ದು ಎಲೆಯೆಲ್ಲ ಸುಟ್ಟಂತಾದರೂ ಇವಳ ಭತ್ತ ಹಸಿರಾಗಿಯೇ ನಿಲ್ಲುತ್ತಿತ್ತು. ರೋಗಕ್ಕೂ ಅವಳ ಬಾಯಿ ಕಂಡರೆ ಭಯ ಎಂದು ಊರು ತೀರ್ಮಾನಿಸಿತು. ಭರಮಮ್ಮ ಅಲ್ಲ ಅನ್ನಲಿಲ್ಲ, ಒಳಗೊಳಗೇ ಹಿಗ್ಗಿದಳು.

ಬೆಳೆಗಳ ರೋಗದ ಬಗ್ಗೆ ಓದುತ್ತಿದ್ದ ಅಮೃತಾ ಎಂಬ ಹುಡುಗಿ ಈ ಸುದ್ದಿ ಕೇಳಿ ಹಡಗಲಿಯಿಂದ ಬಂದಳು. ಬದುವಿನ ಮೇಲೆ ಕೂತು ಎಲ್ಲ ನೋಡಿದಳು.

“ಅಮ್ಮಾ, ನೀವು ಟೊಂಗಿ ಆಡಿಸ್ತೀರಲ್ಲ, ಪೈರಿಗೆ ಒಂಚೂರು ನೋವಾಗ್ತೈತಿ. ನೋವಾದ್ರ ಎಚ್ಚರ ಆಗ್ತೈತಿ. ನಮಗ ಲಸಿಕೆ ಹಾಕಿದಂಗ, ರೋಗ ಬರೋ ಮುಂಚೇನ ಒಳಗ ಶಕ್ತಿ ಕಟ್ಕೊಂತೈತಿ. ಯೂರಿಯಾನೂ ಕಮ್ಮಿ ಹಾಕ್ತೀರಿ. ರೋಗ ಬರದಿರಾಕ ಇವೆರಡೇ ಕಾರಣ ಇರಬೇಕ್ರಿ.”

“ಮತ್ತ ನನ್ನ ಬೈಗುಳ?”

“ಅದ್ರಿಂದ ಏನೂ ಆಗಂಗಿಲ್ರಿ.”

ಇಷ್ಟು ವರ್ಷ ಸುಮ್ಮನೆ ಗಂಟಲು ಹರಿದುಕೊಂಡೆನೇ ಎಂದು ಭರಮಮ್ಮನಿಗೆ ಮೈಯೆಲ್ಲ ಉರಿಯಿತು. ಮನೆಗೆ ಬಂದ ಹುಡುಗಿಗೆ ಮಜ್ಜಿಗೆ ಕೊಟ್ಟಳು ನಿಜ, ಉಪ್ಪು ಹಾಕದೆ ಕೊಟ್ಟಳು.

ಊರೂ ಆ ಮಾತನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ಹೊನ್ನೂರಸ್ವಾಮಿ ಎಂಬ ಬುದ್ಧಿವಂತ ಭರಮಮ್ಮನ ಬೈಗುಳವನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಂಡು, ತನ್ನ ಬದುವಿನ ಮೇಲೆ ಸ್ಪೀಕರ್ ಇಟ್ಟು ದಿನವೂ ಹಾಕಿದ. ಕೊಕ್ಕರೆಗಳು ಗದ್ದೆ ಬಿಟ್ಟು ಹೋದವು, ಬೆಂಕಿ ರೋಗ ಬಂದು ಕೂತಿತು. “ರೆಕಾರ್ಡಿಂಗ್‌ದಾಗ ಪವರ್ ಇಲ್ಲಪ್ಪ, ಖುದ್ದು ಬಾಯೇ ಬೇಕು,” ಎಂದು ಆತ ಊರಿಗೆಲ್ಲ ಸಾರಿದ.

ಹೊನ್ನೂರಸ್ವಾಮಿಯ ಬದುವಿಗೆ ಹತ್ತಿದ ಗದ್ದೆ ಮಂಜಮ್ಮನದು. ಆಕೆ ಭರಮಮ್ಮನ ಒಡಹುಟ್ಟಿದ ತಂಗಿ, ಅದೇ ಊರಿಗೆ ಸೊಸೆಯಾಗಿ ಬಂದವಳು. ಅಕ್ಕನ ಜೊತೆ ಮಾತು ಬಿಟ್ಟು ಎಷ್ಟೋ ವರ್ಷವಾಗಿತ್ತು. ಕಾರಣ ಮತ್ತೆ ಅದೇ ಬಾಯಿ. ಮಂಜಮ್ಮನ ಮಗಳು ರಮಾಳನ್ನು ನೋಡಲು ಹರಪನಹಳ್ಳಿಯಿಂದ ಗಂಡಿನ ಕಡೆಯವರು ಬಂದಿದ್ದರು. ಉಪ್ಪಿಟ್ಟಿನ ತಟ್ಟೆ ಹಿಡಿದು ಬಂದ ಭರಮಮ್ಮ ಎಲ್ಲರೆದುರು ಆ ಹುಡುಗನಿಗೆ, “ಯಾಕಪಾ, ಇನ್ನೂ ಕುಂತೇ ಇದ್ದೀಯಲ್ಲ, ಎದ್ದು ನಿಂದ್ರು, ನೋಡೋಣು,” ಎಂದಳು. ಹುಡುಗ ನಿಂತೇ ಇದ್ದ. ಸಂಬಂಧ ಅಲ್ಲಿಗೇ ಮುರಿಯಿತು.

ರಮಾ ಆಮೇಲೆ ಕೊಟ್ಟೂರಿನ ಮನೆ ಸೇರಿ ಸುಖವಾಗಿದ್ದಾಳೆ. ಮಂಜಮ್ಮನ ಸಿಟ್ಟು ಮಾತ್ರ ಇಳಿಯಲಿಲ್ಲ. ಭರಮಮ್ಮನಿಗೆ ಬೈಯಲು ಬರುತ್ತಿತ್ತು, ತಪ್ಪಾಯಿತು ಎನ್ನಲು ಬರುತ್ತಿರಲಿಲ್ಲ. ಹಬ್ಬದ ದಿನ ತಂಗಿಯ ಮನೆಯ ಒಗ್ಗರಣೆ ವಾಸನೆ ಬಂದರೆ ಅವಳು ತಟ್ಟೆಯಲ್ಲಿ ಅನ್ನ ಬಿಟ್ಟು ಏಳುತ್ತಿದ್ದಳು.

ಒಂದು ಬೆಳಿಗ್ಗೆ ಮಂಜಮ್ಮ ಅಕ್ಕನ ಕೊಟ್ಟಿಗೆಗೆ ಬಂದು ಎಮ್ಮೆಯ ಮುಂದೆ ನಿಂತಳು. ಮಾತು ಬಿಟ್ಟವರು ಮಾತಾಡಬೇಕಾದರೆ ನಡುವೆ ದನವೋ ಗೋಡೆಯೋ ಇರಲೇಬೇಕು.

“ಏ ಎಮ್ಮಿ, ನಿನ್ನ ಒಡತಿಗೆ ಹೇಳು. ಹೊನ್ನೂರಸ್ವಾಮಿ ಗದ್ದಿ ಸುಟ್ಟೈತಿ, ನಂದು ಇನ್ನೂ ಹಸನಾಗೈತಿ. ಮನಿ ಮಂದಿಯ ವರ್ಷದ ಅನ್ನ ಅದು. ಬಂದು ನಾಲ್ಕು ಬೈದು ಹೋಗ್ಲಿ.”

“ಬರ್ತಾಳಂತ ಹೇಳು ಎಮ್ಮಿ,” ಎಂದಳು ಭರಮಮ್ಮ. ಎಮ್ಮೆ ಮೆಲುಕು ಹಾಕುತ್ತಿತ್ತು.

ತಂಗಿಯ ಗದ್ದೆಗಿಳಿದು ಭರಮಮ್ಮ ಟೊಂಗೆ ಎತ್ತಿದಳು, ಬಾಯಿ ತೆರೆದಳು. ಏನೂ ಬರಲಿಲ್ಲ. ಒಮ್ಮೆ ಆಡಿ ಕೆಡಿಸಿದ ಮನೆ ಇದು, ಅದರ ಅನ್ನಕ್ಕೂ ಬೈಯಲು ನಾಲಿಗೆ ಏಳಲಿಲ್ಲ. ಸುಮ್ಮನೆ ಪೈರು ಸವರುತ್ತ ನಡೆದಳು, ಕಣ್ಣು ತುಂಬಿ ಸಾಲು ಮಂಜಾಯಿತು.

ಬದುವಿನ ಮೇಲಿದ್ದ ಮಂಜಮ್ಮನಿಗೆ ದಿಗಿಲಾದದ್ದು ಮುಖದಲ್ಲೇ ಕಾಣುತ್ತಿತ್ತು. ಕಾದಳು, ಕಾದಳು, ಕಡೆಗೆ ತಾನೇ ಒಂದು ಟೊಂಗೆ ಮುರಿದುಕೊಂಡು ಇಳಿದಳು. ಭತ್ತದ ಮೇಲೆ ಬೈಗುಳ ಶುರುವಾಯಿತು.

“ಉದ್ದ ನಾಲಿಗಿಯಾಕಿ! ನನ್ನ ಮಗಳ ಸಂಬಂಧ ಮುರುದಾಕಿ! ನೆಂಟರ ಮುಂದ ನನ್ನ ಮಾನ ಕಳದಾಕಿ! ಒಂದಿನ ಬಂದು ತಪ್ಪಾತು ಅಂದಿದ್ರ ನಿನ್ನ ಗಂಟೇನ ಹೋಗ್ತಿತ್ತು?”

ಭತ್ತ ಯಾರ ಸಂಬಂಧವನ್ನೂ ಮುರಿದಿರಲಿಲ್ಲ. ಭರಮಮ್ಮ ಪಕ್ಕದ ಸಾಲಿನಲ್ಲಿ ಟೊಂಗೆ ಆಡಿಸುತ್ತ ಒಂದೊಂದಕ್ಕೂ “ಹೂಂ” ಅಂದಳು. ಗದ್ದೆಯ ಕೊನೆ ಮುಟ್ಟಿದಾಗ, ಪೈರಿಗೆ ಹೇಳುವವಳಂತೆ ಬಗ್ಗಿ, “ತಪ್ಪಾತು,” ಎಂದಳು. ಮಂಜಮ್ಮ ಟೊಂಗೆ ಬಿಸಾಕಿ ಮನೆಗೆ ಹೋದಳು.

ಮರುದಿನವೂ ಇಬ್ಬರೂ ಬಂದರು, ಅದರ ಮರುದಿನವೂ. ಮಂಜಮ್ಮನ ದಾಸ್ತಾನು ಮುಗಿಯುವ ತನಕ ಬಂದರು. ಅಕ್ಕ ಒಂದಕ್ಕೂ ಎದುರಾಡಲಿಲ್ಲ, ಅವಳ ಜೀವಮಾನದಲ್ಲಿ ಇದೇ ಮೊದಲು.

ಆ ಗದ್ದೆಗೂ ರೋಗ ಬಂತು. ಎಲೆಯ ಮೇಲೆ ಅಲ್ಲಲ್ಲಿ ಕಂದು ಚುಕ್ಕೆ ಇಟ್ಟು ಅಲ್ಲಿಗೇ ನಿಂತಿತು, ತೆನೆಗೆ ಹತ್ತಲಿಲ್ಲ. ಟೊಂಗೆಯ ಕೆಲಸ ಎಂದು ಅಮೃತಾ ಮತ್ತೆ ಹೇಳಿ ನೋಡಿದಳು. ತಂಗಿಯ ಬಾಯಿಯೂ ಅಕ್ಕನದಷ್ಟೇ ಖಡಕ್ ಎಂದು ಊರು ಕೊಂಡಾಡಿತು.

ಸುಗ್ಗಿ ಮುಗಿದ ಮೇಲೆ ಮಂಜಮ್ಮ ಹೊಸ ಅಕ್ಕಿಯ ಪಾಯಸ ಹಿಡಿದು ಅಕ್ಕನ ಕೊಟ್ಟಿಗೆಗೆ ಬಂದಳು. “ಏ ಎಮ್ಮಿ,” ಎಂದು ಶುರು ಮಾಡಿದವಳು ತಡೆದು, ಭರಮಮ್ಮನ ಕಡೆ ತಿರುಗಿದಳು.

“ಅಕ್ಕ, ಆ ಹುಡುಗ ಖರೇನ ಗಿಡ್ಡ ಇದ್ದ ಬಿಡು.”