ನಿಂತಿದ್ದ ಬಸ್ಸು

ಇದನ್ನು ನಾನು ಈಗಾಗಲೇ ಮೂರು ಸಲ ಹೇಳಿದ್ದೇನೆ. ಒಮ್ಮೆ ಸ್ಟಾಫ್ ರೂಮಿನಲ್ಲಿ, ಒಮ್ಮೆ ಪೊಲೀಸ್ ಠಾಣೆಯಲ್ಲಿ, ಒಮ್ಮೆ ಹಾಲಿನಾಕೆಯ ಮನೆಯಲ್ಲಿ. ಪ್ರತಿ ಸಲವೂ ಹೇಳಿ ಮುಗಿಸುವಷ್ಟರಲ್ಲಿ ಆಯಾಸವಾಗುತ್ತದೆ. ಒಂದರ ಹಿಂದೆ ಒಂದು ಆದದ್ದು ಆದಂತೆಯೇ ಉಳಿಯಲಿ ಎಂದು ಬರೆದಿಡುತ್ತಿದ್ದೇನೆ.

ನಾನಿರುವುದು ಊರಿಗಾಂನಲ್ಲಿ, ಪಾಠ ಹೇಳುವುದು ಬಂಗಾರಪೇಟೆಯ ಹೈಸ್ಕೂಲಿನಲ್ಲಿ. ಬಸ್ಸಿಳಿದ ಮೇಲೆ, ಸ್ಟೇಷನ್ ರಸ್ತೆ ಬಂದು ಕೂಡುವ ಸರ್ಕಲ್ಲಿನಲ್ಲಿ ಆಚೆ ದಾಟಬೇಕು. ಅಲ್ಲಿ ಹಿಂದೆ ಬಿಳಿ ಪಟ್ಟೆ ಬಳಿದಿದ್ದರು. ಈಗ ಅಂಚಿನಲ್ಲಿ ಎರಡು ತುಂಡು ಉಳಿದಿವೆ, ನಡುವಿನದನ್ನೆಲ್ಲ ಟೈರುಗಳು ಸವೆಸಿವೆ. ಪಟ್ಟೆ ಹೊಸದಾಗಿದ್ದಾಗಲೂ ಅದನ್ನು ನೋಡಿ ಯಾರೂ ಬ್ರೇಕು ಹಾಕಿದವರಲ್ಲ. ನಮ್ಮ ಕಡೆ ಗಾಡಿ ನಿಲ್ಲಿಸುವುದು ಮುಖ ನೋಡಿ. ಎದುರಿಗಿರುವವರು ಗುರುತಿನವರಾದರೆ ನಿಲ್ಲುತ್ತದೆ, ಇಲ್ಲವಾದರೆ ಹಾರ್ನು.

ನನಗೆ ನಿಲ್ಲುತ್ತಿತ್ತು. ಆ ರಸ್ತೆಯಲ್ಲಿ ಆಟೋ ಓಡಿಸುವವರು, ಟೆಂಪೋ ಓಡಿಸುವವರು ಅರ್ಧಕ್ಕರ್ಧ ನನ್ನ ತರಗತಿಯಲ್ಲಿ ಕೂತು ಹೋದವರು. ಬಲಗೈ ಎತ್ತಿದರೆ ಸಾಕು, ಎಂಥ ಗಾಡಿಯೂ ನಿಲ್ಲುತ್ತಿತ್ತು. ಅದರಲ್ಲಿ ನನಗೆ ಸ್ವಲ್ಪ ಹೆಮ್ಮೆಯೂ ಇತ್ತು, ಅದನ್ನು ಮುಚ್ಚಿಡುವುದಿಲ್ಲ.

ಹತ್ತಿರದ ಹಳ್ಳಿಯಿಂದ ಒಬ್ಬಾಕೆ ದಿನಾ ಹಾಲು ತರುತ್ತಿದ್ದಳು. ಡೈರಿಗೆ ಹಾಕಿ ಉಳಿದದ್ದನ್ನು ಕ್ಯಾನಿನಲ್ಲಿ ತುಂಬಿಕೊಂಡು ರಸ್ತೆಯಾಚೆಯ ನಾಲ್ಕು ಮನೆಗೂ ಒಂದು ಟೀ ಅಂಗಡಿಗೂ ಕೊಡುತ್ತಿದ್ದಳು. ಹೆಚ್ಚು ಕಡಿಮೆ ನನ್ನ ವಯಸ್ಸು. ನಾನು ಬಸ್ಸಿಳಿಯುವವರೆಗೂ ಆಕೆ ಈಚೆ ದಡದಲ್ಲೇ ಕಾಯುತ್ತಿದ್ದಳು.

"ನೀವ್ ಕೈ ಎತ್ತಿದ್ರೆ ನಿಲ್ಲಿಸ್ತಾರೆ ಮೇಡಮ್. ನಾನೆತ್ತಿದ್ರೆ, ಇವ್ಳು ಬಸ್ ಅತ್ತಾಕ್ ಬಂದವ್ಳೆ ಅಂತ ಆರ್ನ್ ಒಡ್ಕಂಡ್ ಓಗ್ತಾರೆ" ಅನ್ನುತ್ತಿದ್ದಳು.

"ನಾನು ರಜೆ ಹಾಕಿದ ದಿನ ಏನು ಮಾಡ್ತೀಯ?" ಎಂದು ಒಮ್ಮೆ ಕೇಳಿದ್ದೆ.

"ಆವತ್ತು ಅಸು-ದನಗಳ ಇಂದೆ ಓಯ್ತೀನಿ. ಅಸುಗೆ ಎಲ್ರೂ ನಿಲ್ಲಿಸ್ತಾರೆ."

ಆ ಬೆಳಿಗ್ಗೆ ಒಂಬತ್ತು ದಾಟಿ ಐದು ನಿಮಿಷವಾಗಿತ್ತು. ನಾವಿಬ್ಬರೂ ಅಂಚಿನಲ್ಲಿ ನಿಂತಿದ್ದೆವು. ಬಲಗಡೆಯಿಂದ ಬೇತಮಂಗಲದ ಖಾಸಗಿ ಬಸ್ಸು ಬಂತು. ಓಡಿಸುತ್ತಿದ್ದವನು ನನ್ನ ಹಳೆಯ ವಿದ್ಯಾರ್ಥಿ. ನಾನು ಕೈ ಎತ್ತಿದೆ. ಅವನು ನನ್ನನ್ನು ನೋಡಿ, ತಲೆಬಾಗಿಸಿ, ಬಸ್ಸನ್ನು ಪೂರ್ತಿಯಾಗಿ ನಿಲ್ಲಿಸಿದ. ಬಸ್ಸಿಗೂ ರಸ್ತೆಯ ಅಂಚಿಗೂ ನಡುವೆ ಮೂರಡಿಯಷ್ಟು ಜಾಗವಿತ್ತು. ನಾನು ಆ ಜಾಗ ದಾಟಿ ಬಸ್ಸಿನ ಮುಂದೆ ಬಂದೆ. ಎಡಗಡೆಯಿಂದ ಏನು ಬರುತ್ತಿದೆ ಎಂದು ನೋಡತೊಡಗಿದೆ. ಹಾಲಿನಾಕೆ ನನ್ನಿಂದ ಎರಡು ಹೆಜ್ಜೆ ಹಿಂದಿದ್ದಳು.

ಬಸ್ಸು ಯಾಕೆ ನಿಂತಿತೆಂದು ಅದರ ಹಿಂದಿದ್ದ ಬೈಕಿನವನಿಗೆ ಗೊತ್ತಿಲ್ಲ. ಬಸ್ಸು ನಿಂತರೆ ಅದರ ಎಡಗಡೆ ತೂರಿಕೊಂಡು ಹೋಗುವುದು ಇಲ್ಲಿ ಎಲ್ಲರ ರೂಢಿ. ಅವನೂ ಆ ಮೂರಡಿಯಲ್ಲಿ ತೂರಿದ. ನನಗೆ ಮೊದಲು ಕೇಳಿಸಿದ್ದು ಕ್ಯಾನು ಟಾರಿನ ಮೇಲೆ ಬಿದ್ದ ಶಬ್ದ. ಆಮೇಲೆ ತಿರುಗಿದೆ. ಆಕೆ ಕೂತಿದ್ದಳು. ಬಲಗಾಲು ಮಂಡಿಯ ಕೆಳಗೆ ಇರಬಾರದ ಕಡೆಗೆ ತಿರುಗಿತ್ತು. ಕ್ಯಾನಿನ ಮುಚ್ಚಳ ಬಿಗಿಯಾಗಿದ್ದರಿಂದ ಹಾಲು ಚೆಲ್ಲಿರಲಿಲ್ಲ. ಬಿದ್ದಿದ್ದ ಬೈಕಿನವನು ಎದ್ದು, ಒಂದು ಸಲ ನಮ್ಮ ಕಡೆ ನೋಡಿ, ಗಾಡಿ ಎತ್ತಿಕೊಂಡು ಹೋಗಿಬಿಟ್ಟ. ನಂಬರನ್ನು ನಾನೂ ಓದಲಿಲ್ಲ.

ಜನ ಸೇರಿದಾಗ ಅವರಿಗೆ ಕಂಡದ್ದು ಕೆಳಗೆ ಕೂತ ಹೆಂಗಸು, ಪಕ್ಕದಲ್ಲಿ ನಿಂತ ಬಸ್ಸು. ಇಲ್ಲಿ ತಪ್ಪು ಯಾವಾಗಲೂ ದೊಡ್ಡ ಗಾಡಿಯದು. ಲಾರಿಗೂ ಕಾರಿಗೂ ತಾಗಿದರೆ ಲಾರಿಯದು, ಕಾರಿಗೂ ಸೈಕಲ್ಲಿಗೂ ತಾಗಿದರೆ ಕಾರಿನದು. "ದಿಂಪಂಡ್ರಾ ವಾಣ್ಣಿ" ಎಂದು ಯಾರೋ ತೆಲುಗಿನಲ್ಲಿ ಕೂಗಿದರು, ಡ್ರೈವರನ್ನು ಇಳಿಸಿ ಎಂದು. ಇಳಿಸಿದರು. ಅಂಗಿಯ ಕಾಲರು ಹರಿಯಿತು. "ಬಸ್ಸು ನಿಂತಿತ್ತು, ಹೊಡೆದದ್ದು ಬೈಕು" ಎಂದು ನಾನು ಹೇಳಿದೆ. ಎಷ್ಟು ಜನಕ್ಕೆ ಕೇಳಿಸಿತೋ ಗೊತ್ತಿಲ್ಲ. ನನ್ನ ದನಿ ನನಗೇ ಸರಿಯಾಗಿ ಕೇಳಿಸುತ್ತಿರಲಿಲ್ಲ.

ಆಕೆಯನ್ನು ಆಟೋದಲ್ಲಿ ಊರಿನ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಅಲ್ಲಿಂದ ಕೋಲಾರಕ್ಕೆ ಕಳಿಸಿದರು. ಡ್ರೈವರನ ಲೈಸೆನ್ಸನ್ನು ಠಾಣೆಯಲ್ಲಿ ಇರಿಸಿಕೊಂಡರು. ಇದು ಮುಗಿಯುವ ತನಕ ಬರಬೇಡ ಎಂದು ಬಸ್ಸಿನ ಮಾಲೀಕ ಅವನಿಗೆ ಹೇಳಿದನಂತೆ.

ಮೂರನೆಯ ದಿನ ಆಕೆಯ ತಮ್ಮ ಶಾಲೆಗೆ ಬಂದ. ಚಪ್ಪಲಿ ಹೊರಗೆ ಬಿಟ್ಟು, ಸ್ಟಾಫ್ ರೂಮಿನ ಬಾಗಿಲಲ್ಲೇ ನಿಂತ.

"ಮೇಡಮ್, ಆ ಬೈಕ್ನೋನ್ನ ಎಲ್ಲಿ ಉಡ್ಕೋಣ? ಅವ್ನು ಓಡೋದ. ಬಸ್ಸು ಐತೆ, ಅದ್ಕೆ ಇನ್ಶೂರೆನ್ಸ್ ಐತೆ. ಬಸ್ಸು ತಗುಲ್ತು ಅಂತ ನೀವ್ ಒಂದ್ ಮಾತ್ ಏಳ್ಬಿಟ್ರೆ ನಮ್ಮಕ್ಕನ್ ಕಾಲಿಗೆ ದಾರಿ ಆಗ್ತದೆ."

"ಬಸ್ಸು ನಿಂತಿತ್ತಪ್ಪ."

"ನಿಂತಿದ್ರೂ ಬಸ್ಸು ಬಸ್ಸೇ ಅಲ್ವಾ ಮೇಡಮ್?"

ಕೂತಿದ್ದ ಉಪಾಧ್ಯಾಯರೊಬ್ಬರು ಸಣ್ಣಗೆ ನಕ್ಕರು. ಅವನು ನಗಲಿಲ್ಲ. ತಮಾಷೆಗೆ ಹೇಳಿದ ಮಾತಲ್ಲ ಅದು. ಅವನು ಹೋದ ಮೇಲೆ ನಡೆದದ್ದನ್ನೆಲ್ಲ ನಾನು ಅಲ್ಲಿದ್ದವರಿಗೆ ವಿವರಿಸಿದೆ. "ನೀವು ಏನೂ ನೋಡಿಲ್ಲ ಅಂದುಬಿಡಿ" ಎಂದು ಒಬ್ಬರು ಸಲಹೆ ಕೊಟ್ಟರು.

ಅದೇ ಸಂಜೆ ಡ್ರೈವರು ಗೇಟಿನ ಹೊರಗೆ ಕಾದಿದ್ದ. ಏನನ್ನೂ ಬೇಡಲಿಲ್ಲ. "ನಿಮ್ಮನ್ನ ನೋಡಿ ನಿಲ್ಸಿದ್ದು ಮೇಡಮ್. ಬೇರೆ ಯಾರೇ ಆಗಿದ್ರೂ ಓಗ್ತಾ ಇರ್ತಿದ್ದೆ" ಅಂದ. ಆಮೇಲೆ, "ಈ ಲೈಸೆನ್ಸ್ ಕಳ್ಕಂಡ್ರೆ ನಂಗೆ ಇನ್ನೇನೂ ಬರಲ್ಲ" ಅಂದ. ನಿಜ. ಓದಿನಲ್ಲಿ ಅವನು ಎಷ್ಟರವನು ಎಂಬುದು ನನಗೆ ಗೊತ್ತಿತ್ತು.

ಒಬ್ಬನ ಕೆಲಸ, ಒಬ್ಬಾಕೆಯ ಕಾಲು. ಎರಡೂ ನನ್ನ ಒಂದು ಮಾತಿಗೆ ಕಾದಿದ್ದವು. ಎರಡು ರಾತ್ರಿ ನಿದ್ದೆ ಸರಿಯಾಗಿ ಬರಲಿಲ್ಲ. ಬಸ್ಸು ಒಂದಿಷ್ಟು ಅಲುಗಿತ್ತೇ, ಸ್ವಲ್ಪವಾದರೂ ಮುಂದೆ ಬಂದಿತ್ತೇ ಎಂದು ನೆನಪಿನಲ್ಲಿ ಹುಡುಕಿದೆ. ಅಲುಗಿರಲಿಲ್ಲ. ಅಲುಗಿದ್ದರೆ ಮೊದಲು ತಗುಲಬೇಕಾದವಳು ನಾನು.

ಠಾಣೆಯಲ್ಲಿ ಹೇಳಿಕೆ ಬರೆದುಕೊಳ್ಳುವವರು ನನ್ನಷ್ಟೇ ಬಳಲಿದ್ದರು. ಬಸ್ಸು ನಿಂತಿತ್ತು ಎಂದೆ. ಬರೆದರು. ಬೈಕು ಬಸ್ಸಿನ ಎಡಗಡೆಯಿಂದ ತೂರಿ ಬಂತು ಎಂದೆ. ಬರೆದರು. ನಾನು ಕೈ ಎತ್ತಿದ್ದಕ್ಕೆ ಬಸ್ಸು ನಿಂತಿತು ಎಂದಾಗ ಪೆನ್ನು ನಿಂತಿತು.

"ಅದು ಬೇಡ ಬಿಡಿ ಮೇಡಮ್. ಕೈ ಎತ್ತೋದೇನು ಕೇಸಾ?"

"ಶುರುವಾದದ್ದು ಅಲ್ಲಿಂದಲೇ. ಬರ್ಕೊಳ್ಳಿ."

ನನ್ನ ಮುಖ ನೋಡಿ, ಒಂದು ಸಾಲು ಸೇರಿಸಿದರು. ಓದಿ ಸಹಿ ಮಾಡಿದೆ. ವಾರದೊಳಗೆ ಡ್ರೈವರನಿಗೆ ಲೈಸೆನ್ಸು ಸಿಕ್ಕಿತು, ಬಸ್ಸೂ ಸಿಕ್ಕಿತು. ಬೈಕಿನವನು ಸಿಗಲಿಲ್ಲ.

ಆಕೆ ಆಸ್ಪತ್ರೆಯಿಂದ ಬಂದ ಮೇಲೆ ಒಂದು ಭಾನುವಾರ ಹಳ್ಳಿಗೆ ಹೋದೆ. ನನ್ನನ್ನು ಕಂಡ ಕೂಡಲೇ ತಮ್ಮ ಹಗ್ಗ ತೆಗೆದುಕೊಂಡು ಕೊಟ್ಟಿಗೆಯ ಕಡೆ ನಡೆದ. ಆಕೆ ಜಗಲಿಯ ಮಂಚದ ಮೇಲಿದ್ದಳು. ಕಾಲಿನೊಳಗೆ ರಾಡು ಹಾಕಿದ್ದರು. ಒಂದು ಹಸುವನ್ನು ಆಗಲೇ ಮಾರಿಯಾಗಿತ್ತು.

"ಆವತ್ತು ಏನಾಯ್ತೂಂತ ನಂಗೇ ಗೊತ್ತಿಲ್ಲ. ಎಲ್ರೂ ಒಂದೊಂದ್ ತರ ಏಳ್ತಾರೆ. ನೀವ್ ಏಳಿ" ಅಂದಳು.

ಹೇಳಿದೆ. ಬಸ್ಸು, ಮೂರಡಿ ಜಾಗ, ನನ್ನ ಕೈ, ಬೈಕು, ಠಾಣೆಯಲ್ಲಿ ಬರೆಸಿದ್ದು, ಎಲ್ಲವನ್ನೂ. ಎಲ್ಲ ಕೇಳಿದ ಮೇಲೆ ಒಂದೇ ಒಂದು ಕೇಳಿದಳು.

"ನೀವ್ ಇಂದಕ್ ತಿರುಗಿ ನೋಡಿದ್ರಾ ಮೇಡಮ್?"

ಠಾಣೆಯಲ್ಲಿ ಇದನ್ನು ಯಾರೂ ಕೇಳಿರಲಿಲ್ಲ.

"ಇಲ್ಲ."

"ನಾನೂ ಬಲಕ್ ನೋಡ್ಲಿಲ್ಲ. ನಿಮ್ ಬೆನ್ ನೋಡ್ಕಂಡೇ ರೋಡ್ಗೆ ಇಳಿದ್ಬಿಟ್ಟೆ."

ಕೊಟ್ಟಿಗೆಯಲ್ಲಿ ತಮ್ಮ ಹಸುವನ್ನು ಗದರಿಸುತ್ತಿದ್ದ. ಆಕೆ ಅತ್ತ ಒಮ್ಮೆ ನೋಡಿ ದನಿ ತಗ್ಗಿಸಿದಳು.

"ಆ ಡ್ರೈವರ್ ಉಡ್ಗ ಡ್ಯೂಟಿಗೆ ಓಯ್ತಾವ್ನಾ?"

"ಹೋಗ್ತಿದ್ದಾನೆ."

"ನಿಮ್ಗೆ ನಿಲ್ಲಿಸ್ತಾನಾ?"

"ಇಲ್ಲ. ನೋಡ್ತಾನೆ, ನಿಲ್ಲಿಸಲ್ಲ. ನಾನೂ ಕೈ ಎತ್ತೋದು ಬಿಟ್ಟಿದ್ದೀನಿ."

"ನಿಲ್ಲಿಸ್ದೆ ಓಗೋದೇ ವಾಸಿ ಬಿಡಿ. ಓಗೋ ಗಾಡಿ ಪಕ್ಕ ಯಾರೂ ರೋಡ್ಗೆ ಇಳಿಯಲ್ಲ" ಅಂದಳು. ಆಮೇಲೆ, ಕಾಲು ಮರಗಟ್ಟಿದೆ, ಕೆಳಗಿರುವ ದಿಂಬನ್ನು ಸ್ವಲ್ಪ ಎತ್ತಿ ಹಿಡಿಯಿರಿ ಅಂದಳು. ನಾನು ಎತ್ತಿ ಹಿಡಿದೆ. ಆಕೆ ಎರಡೂ ಕೈಯಿಂದ ಕಾಲನ್ನು ಹಿಡಿದು, ನಿಧಾನವಾಗಿ ಈಚೆಗೆ ಸರಿಸಿಕೊಂಡಳು.