ಒಂದು ಗಂಟೆಯ ಸೇಡು

ಕ್ಷಮಿಸಿಬಿಡಿ, ಮನಸ್ಸು ಹಗುರವಾಗುತ್ತದೆ ಎಂದು ಉಪದೇಶ ಮಾಡುವವರು ವನಜಾಳ ಹತ್ತಿರ ಸುಳಿಯದಿರುವುದೇ ಒಳ್ಳೆಯದು. ಅವಳಿಗೆ ಮನಸ್ಸು ಹಗುರವಾಗುವುದು ಬೇಕಿರಲಿಲ್ಲ. ಮಾಲವಿಕಾ ಎಂಬ ಹೆಂಗಸು ನಾಲ್ಕು ಜನರ ಮುಂದೆ ತಲೆ ತಗ್ಗಿಸುವುದು ಬೇಕಿತ್ತು. ಅದಕ್ಕಾಗಿ ಅವಳು ಏಳು ವರ್ಷ ಕಾದಳು. ಕಾಯುವುದು ಅಂದರೆ ಸುಮ್ಮನೆ ಕೂತು ಕಾದದ್ದಲ್ಲ, ದುಡಿದು, ಮಗಳನ್ನು ಸಾಕಿ, ಎರಡು ಊರು ಬದಲಾಯಿಸಿ, ನಗುನಗುತ್ತಾ ಕಾದದ್ದು. ಬೂದಿ ಮುಚ್ಚಿದ ಕೆಂಡ ಅನ್ನುತ್ತಾರಲ್ಲ, ಹಾಗೆ.

ಕತೆ ಶುರುವಾಗುವುದು ಪರ್ತ್‌ನಲ್ಲಿ. ವನಜಾಳ ಗಂಡ ಪ್ರಶಾಂತ ಗಣಿ ಕಂಪನಿಯೊಂದರಲ್ಲಿ ಜಿಯಾಲಜಿಸ್ಟ್. ಎರಡು ವಾರ ಮರುಭೂಮಿಯ ಗಣಿಯಲ್ಲಿ, ಒಂದು ವಾರ ಮನೆಯಲ್ಲಿ. ಮಗಳು ಗಗನಾಳ ಹಾಲುಹಲ್ಲು ಬೀಳುವ ಮೊದಲೇ, ಅಲ್ಲಿಯ ಹೈಸ್ಕೂಲು ಚೆನ್ನಾಗಿದೆ ಎಂದು ವಿಲೆಟನ್ ಬಡಾವಣೆಯಲ್ಲಿ ಮನೆ ಹಿಡಿದಿದ್ದರು. ನಮ್ಮವರು ಮಾಡುವುದೇ ಹಾಗೆ, ಕೂಸು ಹುಟ್ಟುವ ಮುನ್ನ ಕುಲಾವಿ. ೨೦೧೦ರ ಚಳಿಗಾಲದಲ್ಲಿ, ಅಂದರೆ ಅಲ್ಲಿಯ ಜುಲೈನಲ್ಲಿ, ಪ್ರಶಾಂತ ಗಣಿಯ ಕ್ಯಾಂಪಿನಲ್ಲಿ ಮಲಗಿದವನು ಬೆಳಿಗ್ಗೆ ಏಳಲಿಲ್ಲ. ಹೃದಯ ನಿಂತಿತ್ತು ಎಂದರು. ಗಗನಾಳಿಗೆ ಆಗ ಆರು ವರ್ಷ.

ಮಾಲವಿಕಾ ವಿಲೆಟನ್ನಿನ ಕನ್ನಡದ ಹೆಂಗಸರಿಗೆಲ್ಲ ಹಿರಿಯಕ್ಕ. ಯಾರ ಸೀಮಂತಕ್ಕೆ ಯಾವ ಬಳೆ, ಯಾವ ಹಬ್ಬಕ್ಕೆ ಯಾರ ಮನೆಯಲ್ಲಿ ಪಾಯಸ, ಎಲ್ಲ ಅವರ ಬಾಯಿಂದಲೇ ಬರಬೇಕು. ಪ್ರಶಾಂತ ಹೋದ ವರ್ಷದ ನವರಾತ್ರಿಗೆ ಅವರೇ ಫೋನ್ ಮಾಡಿ ಕರೆದರು. "ಮನೇಲಿ ಒಬ್ಳೇ ಕೂತ್ಕೊಂಡು ಏನ್ಮಾಡ್ತೀಯ, ಮಗೂನ ಕರ್ಕೊಂಡು ಬಾ. ನಿನ್ನ ಕೈ ಕೋಸಂಬರಿ ಇಲ್ದೆ ಗೊಂಬೆ ಹಬ್ಬ ಆಗುತ್ತಾ?" ಎಂದರು. ವನಜಾ ಹೋದಳು. ಮಧ್ಯಾಹ್ನದಿಂದ ಅಡುಗೆಮನೆಯಲ್ಲಿ ನಿಂತು ಹೆಸರುಬೇಳೆ ಸೋಸಿದಳು, ಸೌತೆಕಾಯಿ ಹೆಚ್ಚಿದಳು, ಅಂಬೊಡೆ ಕರಿದಳು. ಸಂಜೆ ಹೆಂಗಸರೆಲ್ಲ ರೇಷ್ಮೆ ಸೀರೆಯುಟ್ಟು ಬಂದು ಗೊಂಬೆಗಳ ಮುಂದೆ ಕೂತರು, ಊಟಕ್ಕೆ ಬಂದ ಗಂಡಸರು ಹಿತ್ತಿಲಲ್ಲಿ ಸೇರಿದರು. ಆರತಿಗೆ ಹೊತ್ತಾಯಿತು. ವನಜಾ ಕೈ ತೊಳೆದುಕೊಂಡು ಹೊರಗೆ ಬರುತ್ತಿದ್ದಂತೆ ಮಾಲವಿಕಾ ಎದುರಿಗೆ ಬಂದರು. ಕೈಯಲ್ಲಿ ಅರಿಶಿನ ಕುಂಕುಮದ ತಟ್ಟೆ.

"ವನಜಾ, ನೀನು ಸ್ವಲ್ಪ ಒಳಗೇ ಇರಮ್ಮ. ಇದೊಂದು ಮುಗಿದ್ಬಿಡ್ಲಿ," ಎಂದವರೇ ಅಡುಗೆಮನೆಯ ಗಾಜಿನ ಬಾಗಿಲನ್ನು ಎಳೆದುಬಿಟ್ಟರು.

ಗಾಜಿನ ಬಾಗಿಲು. ಮರದ್ದಾದರೂ ಆಗಿದ್ದರೆ ಮರೆಯಿರುತ್ತಿತ್ತು. ಆಚೆ ಕೂತವರಿಗೆಲ್ಲ ಈಚೆ ನಿಂತವಳು ಕಾಣುತ್ತಿದ್ದಳು. ಯಾರೂ ಏನೂ ಅನ್ನಲಿಲ್ಲ, ಹಾಡು ಹೇಳಿದರು, ಹಣೆಗೆ ಕುಂಕುಮ ಹಚ್ಚಿಸಿಕೊಂಡರು, ಅವಳು ಕಲಸಿದ ಕೋಸಂಬರಿಯನ್ನು ತಿಂದರು. ಕೋಸಂಬರಿ ಕಲಸುವುದಕ್ಕೆ ಅವಳ ಕೈ ಆಗುತ್ತದೆ, ಕುಂಕುಮಕ್ಕೆ ಅವಳ ಹಣೆ ಆಗುವುದಿಲ್ಲ! ಅಷ್ಟೂ ಸಾಲದೆಂಬಂತೆ ಗಗನಾ ಆಚೆ ಬದಿಯಿಂದ ಗಾಜಿನ ಮೇಲೆ ಎರಡೂ ಕೈಯಿಟ್ಟು ಅಳುತ್ತಾ ನಿಂತಿದ್ದಳು. ನನ್ನ ಮಗಳ ಕಣ್ಣೆದುರಿಗೆ ಮಾಡಿದರಲ್ಲ, ಇದಕ್ಕೆ ಒಂದು ದಿನ ಮುಯ್ಯಿ ತೀರಿಸದಿದ್ದರೆ ನಾನು ನನ್ನಪ್ಪನಿಗೆ ಹುಟ್ಟಿದವಳೇ ಅಲ್ಲ ಎಂದು ವನಜಾ ಅಲ್ಲೇ, ಸಿಂಕಿನ ಪಕ್ಕ ನಿಂತು, ಶಪಥ ಮಾಡಿದಳು.

ಆಮೇಲೆ ಪರ್ತ್‌ನಲ್ಲಿ ಅವಳಿಗೆ ನೀರು ಗಂಟಲಲ್ಲಿ ಇಳಿಯಲಿಲ್ಲ. ಅಡಿಲೇಡಿನಲ್ಲಿದ್ದ ತಮ್ಮ ಸುನೀಲನ ಮನೆಗೆ ಹೋದಳು. ಅವನ ಹೆಂಡತಿ ಪದ್ಮಾ ಬಾಯಿಬಡುಕಿಯಾದರೂ ಒಳ್ಳೆಯ ಹುಡುಗಿ. ಅಲ್ಲಿ ವನಜಾ ಒಂದು ವೃದ್ಧಾಶ್ರಮದಲ್ಲಿ ಕೆಲವು ವರ್ಷ ಕೆಲಸ ಮಾಡಿದಳು. ಕೊನೆಗೆ ಬ್ರಿಸ್ಬೇನಿನ ದಕ್ಷಿಣಕ್ಕೆ, ರಾಜ್ಯದ ಗಡಿಯಾಚೆ, ಒಂದು ಹಳೆಯ ಜ್ವಾಲಾಮುಖಿಯ ಬುಡದಲ್ಲಿದ್ದ ಪುಟ್ಟ ಮೋಟೆಲನ್ನು ನೋಡಿಕೊಳ್ಳುವ ಕೆಲಸ ಸಿಕ್ಕಿತು. ಮೋಟೆಲ್ ಅಂದರೆ ಭಾರಿಯಲ್ಲ. ತಗಡಿನ ಮಾಡು, ಸಾಲಾಗಿ ಕೆಲವೇ ಕೋಣೆ, ಕೋಣೆಗೊಂದು ಕೆಟಲ್, ಬೆಳಿಗ್ಗೆ ಟೋಸ್ಟು.

ಆ ಜ್ವಾಲಾಮುಖಿ ಬೆಂಕಿ ಉಗುಳುವುದನ್ನು ಬಿಟ್ಟು ಕೋಟಿ ವರ್ಷಗಳ ಮೇಲಾಗಿದೆ. ನಡುವೆ ಒಂದು ಶಿಖರ, ಸುತ್ತ ಬಟ್ಟಲಿನ ಅಂಚಿನ ಹಾಗೆ ಬೆಟ್ಟಸಾಲು. ಶಿಖರ ನಮಗೆ ಪವಿತ್ರ, ಹತ್ತಬೇಡಿ ಎಂದು ಅಲ್ಲಿನ ಮೂಲನಿವಾಸಿಗಳು ಕೇಳಿಕೊಳ್ಳುತ್ತಾರೆ. ಆದ್ದರಿಂದ ವನಜಾ ತನ್ನ ಅತಿಥಿಗಳನ್ನು ಅಂಚಿನ ಮೇಲಿನ ವ್ಯೂ ಪಾಯಿಂಟಿಗೆ ಕಳಿಸುತ್ತಿದ್ದಳು. ಕತ್ತಲೆಯಲ್ಲೇ ಕಾರು ಹತ್ತಿ ಹೋದರೆ, ಸಮುದ್ರದಿಂದ ಎದ್ದ ಸೂರ್ಯ ಆ ಶಿಖರದ ಪಕ್ಕದಿಂದ ಮೂಡುವುದು ಕಾಣುತ್ತದೆ. ಅದಕ್ಕೇ ಜನ ಅಲ್ಲಿ ಬಂದು ಮಲಗುತ್ತಿದ್ದದ್ದು.

ಆ ಜಾಗದಲ್ಲಿ ಒಂದು ತೊಡಕಿತ್ತು. ಬೇಸಿಗೆಯಲ್ಲಿ, ಅಂದರೆ ಅಲ್ಲಿ ಅಕ್ಟೋಬರಿನಿಂದ ಏಪ್ರಿಲ್‌ವರೆಗೆ, ಮೋಟೆಲ್ ಇರುವ ನ್ಯೂ ಸೌತ್ ವೇಲ್ಸಿನವರು ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ ತಿರುಗಿಸುತ್ತಾರೆ, ಬ್ರಿಸ್ಬೇನಿನವರು ತಿರುಗಿಸುವುದಿಲ್ಲ. ಗಡಿಯ ಹತ್ತಿರ ಫೋನುಗಳು ಒಮ್ಮೆ ಈ ಗಂಟೆ, ಒಮ್ಮೆ ಆ ಗಂಟೆ ತೋರಿಸಿ ತಲೆ ಕೆಡಿಸುತ್ತವೆ. ಆದ್ದರಿಂದ ವನಜಾ ದಿನಾ ಸಂಜೆ ಆಫೀಸಿನ ಬೋರ್ಡಿನ ಮೇಲೆ ಮರುದಿನದ ಸೂರ್ಯೋದಯದ ಗಂಟೆ ಬರೆದು, ಬ್ರಿಸ್ಬೇನಿನಿಂದ ಬಂದ ಪ್ರತಿಯೊಬ್ಬರಿಗೂ ಕೀಲಿ ಕೊಡುವಾಗ ಒಂದು ಮಾತು ಹೇಳುತ್ತಿದ್ದಳು: ಇಲ್ಲಿಯ ಗಡಿಯಾರ ನಿಮ್ಮದಕ್ಕಿಂತ ಒಂದು ಗಂಟೆ ಮುಂದಿದೆ, ಸರಿಮಾಡಿಕೊಳ್ಳಿ. ಈ ಮಾತನ್ನು ಅವಳು ಮರೆತದ್ದೇ ಇಲ್ಲ.

೨೦೧೮ರ ಜನವರಿಯಲ್ಲಿ ಪದ್ಮಾಳ ಫೋನ್ ಬಂತು. "ಅಕ್ಕಾ, ನಿಮ್ಮ ಮಾಲವಿಕಕ್ಕ ನಿಮ್ಮೂರಿಗೇ ಬರ್ತಿದ್ದಾರಂತೆ! ರಥಸಪ್ತಮಿ ದಿನ ಜ್ವಾಲಾಮುಖಿ ಮೇಲೆ ನಿಂತು ಸೂರ್ಯನಿಗೆ ಅರ್ಘ್ಯ ಕೊಡ್ತಾರಂತೆ, ಆಸ್ಟ್ರೇಲಿಯಾದಲ್ಲೇ ಮೊದಲನೇ ಅರ್ಘ್ಯ ಅಂತೆ. ಲೈವ್ ವಿಡಿಯೋ ಬೇರೆ. ಪರ್ತ್, ಅಡಿಲೇಡ್, ಬ್ರಿಸ್ಬೇನ್, ಮೂರೂ ಊರಿನ ಹೆಂಗಸರೆಲ್ಲ ಸ್ನಾನ ಮಾಡಿ ಕೂತಿರಬೇಕಂತೆ. ಪರ್ತ್‌ನೋರಿಗೆ ಪಾಪ ಆಗಿನ್ನೂ ರಾತ್ರಿ ಮೂರು ಗಂಟೆ ಅಷ್ಟೆ!"

ಬುಕಿಂಗ್ ತೆಗೆದು ನೋಡಿದರೆ ಹೆಸರು ಇದ್ದೇ ಇತ್ತು. ಬ್ರಿಸ್ಬೇನಿನ ಸೇಂಟ್ ಲೂಸಿಯಾದ ಯೂನಿವರ್ಸಿಟಿಯಲ್ಲಿ ಸಂಶೋಧನೆ ಮಾಡುವ ಮಾಲವಿಕಾಳ ಮಗಳು ನಮಿತಾ ಅಪ್ಪ ಅಮ್ಮನಿಗಾಗಿ ಕೋಣೆ ಹಿಡಿದಿದ್ದಳು. ವನಜಾ ಅಂದು ಹಾಸಿಗೆಗಳ ಹೊದಿಕೆ ಬದಲಿಸುತ್ತಾ ತನಗೆ ತಾನೇ ನಕ್ಕಳು. ಹುಡುಕುವ ಬಳ್ಳಿ ಕಾಲಿಗೇ ತೊಡರಿತ್ತು.

ರಥಸಪ್ತಮಿಯ ಹಿಂದಿನ ಸಂಜೆ ಕಾರು ಬಂತು. ಮೊದಲು ಇಳಿದವರು ಮಾಲವಿಕಾಳ ಗಂಡ ನಟರಾಜ್, ಸಾಧು ಮನುಷ್ಯ. ಹಿಂದೆಯೇ ಮಾಲವಿಕಾ. ಕೂದಲು ನರೆತಿತ್ತು, ದನಿ ಮಾತ್ರ ಹಾಗೇ ಇತ್ತು.

"ಅಯ್ಯೋ, ವನಜಾ! ನೀನಾ? ಹೇಳ್ದೆ ಕೇಳ್ದೆ ಪರ್ತ್ ಬಿಟ್ಟು ಬಂದ್ಬಿಟ್ಟೆಯಲ್ಲೇ! ನಿನ್ನ ಕೋಸಂಬರಿ ರುಚಿ ಇವತ್ತಿಗೂ ಬಾಯಲ್ಲಿದೆ ನೋಡು," ಎಂದು ತಬ್ಬಿಕೊಂಡರು.

ಕೋಸಂಬರಿ ನೆನಪಿದೆಯಂತೆ. ವನಜಾಳಿಗೆ ಅಡಿಯಿಂದ ಮುಡಿಯವರೆಗೆ ಉರಿಯಿತು. "ಬನ್ನಿ ಅಕ್ಕಾ, ಬನ್ನಿ ಅಂಕಲ್," ಎಂದಳು. ನಗುವುದಕ್ಕೆ ಅವಳಿಗೆ ಅಭ್ಯಾಸವಿತ್ತು.

ಮಾಲವಿಕಾ ಚೀಲ ಬಿಚ್ಚಿ ತೋರಿಸಿದರು. ತಾಮ್ರದ ಚೊಂಬು, ಕೆಂಪು ಹೂವು, ಬ್ರಿಸ್ಬೇನಿನ ರನ್‌ಕಾರ್ನ್‌ನಲ್ಲಿ ಯಾರದೋ ಹಿತ್ತಿಲಿನಿಂದ ತಂದ ಎಕ್ಕದ ಎಲೆ. ತಲೆಯ ಮೇಲೆ, ಭುಜದ ಮೇಲೆ ಎಲೆಯಿಟ್ಟು ಸ್ನಾನ ಮಾಡಲು ಬಿಸಿನೀರು ಬರುತ್ತದೆ ತಾನೇ ಎಂದು ಎರಡು ಸಲ ಕೇಳಿದರು. ನಟರಾಜ್ ಬೋರ್ಡ್ ನೋಡಿ ಸೂರ್ಯೋದಯದ ಗಂಟೆಯನ್ನು ಫೋನಿನಲ್ಲಿ ಬರೆದುಕೊಂಡರು.

"ಬಾರ್ಡರಲ್ಲಿ ಫೋನ್ ಟೈಮ್ ಹಾರಾಡುತ್ತೆ ಅಂತ ನಮಿತಾ ಹೇಳಿದ್ಲು. ಅದಕ್ಕೇ ನಮ್ಮಿಬ್ಬರದ್ದೂ ಬ್ರಿಸ್ಬೇನ್ ಟೈಮಿಗೇ ಫಿಕ್ಸ್ ಮಾಡ್ಬಿಟ್ಟಿದೀವಿ. ಇನ್ನು ತೊಂದ್ರೆ ಇಲ್ಲ," ಎಂದು ಅವರು ಬೀಗಿದರು.

ಬೋರ್ಡಿನ ಮೇಲಿದ್ದದ್ದು ಇಲ್ಲಿಯ ಗಂಟೆ. ಫೋನಿನಲ್ಲಿದ್ದದ್ದು ಅಲ್ಲಿಯ ಗಂಟೆ. ದಿನಾ ಹೇಳುವ ಆ ಒಂದು ಮಾತು ವನಜಾಳ ನಾಲಿಗೆಯ ತುದಿಗೆ ತಾನಾಗಿ ಬಂತು. ಅವಳು ಅದನ್ನು ನುಂಗಿದಳು. ಕೀಲಿ ಕೊಟ್ಟಳು, ಹೆಚ್ಚಿಗೆ ಒಂದು ಕಂಬಳಿಯನ್ನೂ ಕೊಟ್ಟಳು. ಅವರು ಕೋಣೆಗೆ ಹೋದ ಮೇಲೆ ಆಫೀಸಿನ ಗೋಡೆಯ ಗಡಿಯಾರವನ್ನು ಇಳಿಸಿ, ಧೂಳು ಒರೆಸುವ ನೆಪದಲ್ಲಿ ಒಳಗೆ ಇಟ್ಟಳು.

ಬೇಸಿಗೆ ರಜೆಯಲ್ಲಿ ಮೇಜಿನ ಹಿಂದೆ ಕೂತಿದ್ದ ಗಗನಾ ಎಲ್ಲ ನೋಡುತ್ತಿದ್ದಳು. "ಅವರಿಗೆ ಟೈಮ್ ಹೇಳಲಿಲ್ಲ ನೀನು," ಎಂದು ಇಂಗ್ಲಿಷಿನಲ್ಲಿ ಹೇಳಿದಳು.

"ಗೊತ್ತು. ನೀನೂ ಹೇಳ್ಬೇಡ."

"ಇವರೇನಾ ಆ ಆಂಟಿ?"

"ಇವರೇ."

ಗಗನಾ ಮೇಜಿನ ಮೇಲಿದ್ದ ರಿಜಿಸ್ಟರನ್ನು ಮುಚ್ಚಿಟ್ಟಳು.

ಬೆಳಿಗ್ಗೆ ವನಜಾ ಕಾಫಿ ಲೋಟ ಹಿಡಿದು ಅಡುಗೆಮನೆಯ ಕಿಟಕಿಯಲ್ಲಿ ನಿಂತಿದ್ದಳು. ಪೂರ್ವ ಆಗಲೇ ಬೆಳ್ಳಗಾಗಿತ್ತು. ಮಾಲವಿಕಾ ಕೆಂಪು ರೇಷ್ಮೆಯಲ್ಲಿ, ಒದ್ದೆ ಕೂದಲಿನಲ್ಲಿ, ಚೊಂಬು ಹಿಡಿದು ಕೋಣೆಯಿಂದ ಹೊರಬಂದವರು ಆಕಾಶ ನೋಡಿ ಬೆಚ್ಚಿದರು. "ಏನ್ರೀ ಇದು, ಆಗ್ಲೇ ಬೆಳಕಾಗೋಗಿದೆ! ಬೇಗ ಬನ್ರೀ!" ನಟರಾಜ್ ಫೋನ್ ನೋಡುತ್ತಾ, "ಇನ್ನೂ ಬೇಕಾದಷ್ಟು ಟೈಮಿದೆ ಕಣೇ," ಅನ್ನುತ್ತಲೇ ಕಾರು ಹೊರಡಿಸಿದರು. ಅಂಚಿನ ದಾರಿ ತಿರುವುಗಳ ದಾರಿ. ಅವಸರ ಮಾಡಿದರೆ ಅದು ಗಿಡ್ಡವಾಗುವುದಿಲ್ಲ.

ಸೂರ್ಯ ಯಾರಿಗೂ ಕಾಯದೆ ಮೂಡಿದ. ವನಜಾ ಎರಡನೆಯ ಲೋಟ ಕಾಫಿ ಕುಡಿದಳು. ಇಷ್ಟು ರುಚಿಯಾದ ಕಾಫಿಯನ್ನು ಅವಳು ಏಳು ವರ್ಷದಲ್ಲಿ ಕುಡಿದಿರಲಿಲ್ಲ.

ಬಿಸಿಲು ಅಂಗಳಕ್ಕೆ ಇಳಿದ ಮೇಲೆ ಪದ್ಮಾಳ ಫೋನ್. ನಗು ತಡೆಯಲಾಗದೆ ಒದ್ದಾಡುತ್ತಿದ್ದಳು. "ಅಕ್ಕಾ, ನೋಡ್ಬೇಕಿತ್ತು ನೀವು! ನಾವೆಲ್ಲ ಆಗಿನಿಂದ ಕಾದಿದ್ದೇ ಕಾದಿದ್ದು. ಪರ್ತ್‌ನೋರು ನಿದ್ದೆಗೆಟ್ಟು ತಲೆಗೆ ನೀರು ಹಾಕ್ಕೊಂಡು ಕೂತಿದ್ರು. ಕೊನೆಗೆ ಲೈವ್ ಬಂದ್ರು, ಹಿಂದ್ಗಡೆ ಸೂರ್ಯ ಮರದ ಮೇಲಿದಾನೆ! ನಮ್ಮ ಅಡಿಲೇಡಿನ ಪಾರ್ವತಿ ಆಂಟಿ ಎಲ್ಲರ ಮುಂದೇನೇ ಕೇಳಿಬಿಟ್ರು, 'ಏನು ಮಾಲವಿಕಾ, ಮಧ್ಯಾಹ್ನದ ಅರ್ಘ್ಯಾನಾ?' ಅಂತ. ಎಲ್ಲರೂ ಗೊಳ್ ಅಂತ ನಕ್ಕರು. ಅವರ ಮುಖ ಹೋದ ರೀತಿ!"

"ಅತ್ತರಾ?" ಎಂದು ವನಜಾ ಕೇಳಿದಳು.

"ಚೊಂಬು ಕೆಳಗಿಟ್ಟು ಕ್ಯಾಮೆರಾಕ್ಕೆ ಕೈ ಅಡ್ಡ ಹಿಡಿದ್ರು. ಅತ್ತಿರಬೇಕು."

ವನಜಾಳ ಹೊಟ್ಟೆ ತಣ್ಣಗಾಯಿತು. ಈ ಮಾತನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ, ಅವಳಿಗೆ ಕುಣಿಯಬೇಕು ಅನ್ನಿಸಿತು.

ಅವರಿಬ್ಬರೂ ಹಿಂತಿರುಗಿದಾಗ ಮಾಲವಿಕಾಳ ಕಣ್ಣು ಕೆಂಪಾಗಿತ್ತು. ಆಫೀಸಿನ ಕುರ್ಚಿಯಲ್ಲಿ ಕುಸಿದು ಕೂತು, "ನಿನ್ನ ಬೋರ್ಡ್ ತಪ್ಪಿದೆ, ವನಜಾ," ಎಂದರು.

"ಬೋರ್ಡ್ ಸರಿಯಾಗೇ ಇದೆ. ನಿಮ್ಮ ಫೋನ್ ಇಲ್ಲಿಗಿಂತ ಒಂದು ಗಂಟೆ ಹಿಂದಿದೆ."

"ನಿನಗೆ ಗೊತ್ತಿತ್ತಾ?"

"ಗೊತ್ತಿತ್ತು."

ನಟರಾಜ್ ತಬ್ಬಿಬ್ಬಾದರು. "ಒಂದು ಮಾತು ಹೇಳಬಾರದಿತ್ತೇನಮ್ಮಾ?"

"ಹೇಳಬಾರದು ಅಂತಲೇ ಹೇಳಲಿಲ್ಲ ಅಂಕಲ್," ಎಂದ ವನಜಾ ಮಾಲವಿಕಾಳ ಕಡೆ ತಿರುಗಿದಳು. "ಕೋಸಂಬರಿ ನೆನಪಿದೆ ಅಂದ್ರಿ ಅಕ್ಕಾ. ಬಾಗಿಲು ನೆನಪಿದೆಯಾ?"

ಯಾವ ಬಾಗಿಲು ಎಂದು ಕೇಳಿದ್ದರೆ ವನಜಾ ಆ ಹೆಂಗಸನ್ನು ಹೊಡೆದೇಬಿಡುತ್ತಿದ್ದಳೇನೋ. ಮಾಲವಿಕಾ ಹಾಗೆ ಕೇಳಲಿಲ್ಲ. ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡರು.

"ಇದೆ," ಎಂದರು. "ನಮ್ಮತ್ತೆ ಮಾಡ್ತಿದ್ದದ್ದನ್ನೇ ನಾನೂ ಮಾಡ್ದೆ. ಅವತ್ತು ರಾತ್ರೀನೇ ತಪ್ಪು ಅನ್ನಿಸ್ತು. ಫೋನ್ ಮಾಡೋಣ ಅಂದ್ಕೊಂಡೆ. ಯಾವ ಮುಖ ಇಟ್ಕೊಂಡು ಮಾಡ್ಲಿ ಅಂತ ಸುಮ್ನಾದೆ."

"ಇವತ್ತು ಗೊತ್ತಾಯ್ತಲ್ಲ, ನಾಲ್ಕು ಜನ ನೋಡ್ತಿರುವಾಗ ಹೇಗಿರುತ್ತೆ ಅಂತ."

"ಗೊತ್ತಾಯ್ತು," ಎಂದು ಮಾಲವಿಕಾ ತಲೆ ತಗ್ಗಿಸಿದರು.

ತಗ್ಗಿಸಿದರು! ಏಳು ವರ್ಷ ಕನಸಿನಲ್ಲಿ ಕಂಡದ್ದು ತನ್ನ ಆಫೀಸಿನ ಕುರ್ಚಿಯಲ್ಲಿ, ತನ್ನ ಕಣ್ಣೆದುರಿಗೇ ನಡೆಯಿತು. ವನಜಾ ಸಮಾಧಾನದ ಮಾತಾಡಲಿಲ್ಲ, ಕಾಫಿ ಕೊಡಲಿಲ್ಲ, ಕಾರಿನವರೆಗೆ ಹೋಗಿ ಬೀಳ್ಕೊಡಲೂ ಇಲ್ಲ. ಕಾರು ತಿರುವಿನಲ್ಲಿ ಮರೆಯಾಗುವವರೆಗೆ ಬಾಗಿಲಲ್ಲಿ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು.

ಆಮೇಲೆ ಅವರ ಕೋಣೆಗೆ ಹೋದಳು. ಗಗನಾ ಹಾಸಿಗೆಯ ಹೊದಿಕೆ ತೆಗೆಯುತ್ತಿದ್ದಳು.

"ನೋಡಿದೆಯಾ?" ವನಜಾಳ ದನಿಯಲ್ಲಿ ಗೆಲುವಿತ್ತು. "ಅವತ್ತು ಆ ಬಾಗಿಲ ಹತ್ತಿರ ನಿಂತು ನೀನು ಅತ್ತೆಯಲ್ಲ, ಅದಕ್ಕೆ ಇವತ್ತು ಉತ್ತರ ಕೊಟ್ಟೆ. ನಿನಗೋಸ್ಕರ ಕೊಟ್ಟೆ."

ಗಗನಾ ಬೇಕೆಂದೇ ಕನ್ನಡದಲ್ಲಿ, ಒಂದೊಂದೇ ಮಾತು ಜೋಡಿಸಿಕೊಂಡು ಹೇಳಿದಳು. "ಅಮ್ಮಾ, ನಂಗೆ ಆ ಡೋರ್ ನೆನಪಿಲ್ಲ. ನೀನು ಹೇಳಿ ಹೇಳಿ ಗೊತ್ತು, ಅಷ್ಟೆ."

"ಗಾಜಿನ ಮೇಲೆ ಕೈಯಿಟ್ಟು ಅಷ್ಟು ಅತ್ತೆಯಲ್ಲೇ!"

"ಅತ್ತಿದ್ದು ನೆನಪಿದೆ. ಎಲ್ಲರ ಅಪ್ಪಂದಿರೂ ಊಟಕ್ಕೆ ಬಂದಿದ್ರು. ನಮ್ಮಪ್ಪ ಬರ್ಲಿಲ್ಲ. ಅದನ್ನ ನಿಂಗೆ ಹೇಳ್ಬೇಕಿತ್ತು. ಆಮೇಲೆ ಹೇಳೋಣ ಅಂದ್ರೆ, ನೀನು ಯಾವಾಗ್ಲೂ ಆ ಆಂಟಿ ಬಗ್ಗೇನೇ ಮಾತಾಡ್ತಿದ್ದೆ."

ವನಜಾ ಅರ್ಧ ಬಿಚ್ಚಿದ ಹಾಸಿಗೆಯ ಮೇಲೆ ಕೂತುಬಿಟ್ಟಳು. ಪರ್ತ್‌ನಲ್ಲಿ, ಅಡಿಲೇಡಿನಲ್ಲಿ, ಇಲ್ಲಿ, ಎಷ್ಟು ಸಂಜೆ ಊಟದ ಮುಂದೆ ಕೂತು ತಾನು ಮಾಲವಿಕಾ ಮಾಲವಿಕಾ ಎಂದು ಹಲ್ಲು ಕಡಿದಿದ್ದಳೋ, ಅಷ್ಟೂ ಸಂಜೆ ಮಗಳು ಎದುರಿಗೆ ಕೂತು ಸುಮ್ಮನೆ ತಿಂದಿದ್ದಳು. ಪ್ರಶಾಂತನ ಹೆಸರು ಆ ಮೇಜಿನ ಹತ್ತಿರ ಬಂದ ದಿನ ಒಂದಾದರೂ ಅವಳಿಗೆ ನೆನಪಾಗಲಿಲ್ಲ.

"ಈಗ ಹೇಳು ಪುಟ್ಟಿ," ಎಂದಳು. "ಅಪ್ಪನ ವಿಷಯ ಹೇಳು. ಕೇಳ್ತೀನಿ."

ಗಗನಾ ಸ್ವಲ್ಪ ಯೋಚಿಸಿದಳು. "ಫೋಟೋದಲ್ಲಿರೋ ಅಪ್ಪ ಬಿಟ್ರೆ, ಈಗ ನಂಗೆ ಬೇರೆ ಅಪ್ಪ ನೆನಪಿಗೆ ಬರಲ್ಲಮ್ಮ," ಎಂದು ಹೇಳಿ, ದಿಂಬಿನ ಕವರ್ ಕಳಚತೊಡಗಿದಳು.